ಕತ್ತಿ ಮತ್ತು ಮಾಟದ ಕಥೆಯಲ್ಲಿ ಧರ್ಮದ ಒಳಸಂಚನ್ನೂ ಅಸಹನೆಯನ್ನೂ ಕಟ್ಟುವ ಬಗೆ

ಕತ್ತಿ ಹಿಡಿದ ಅಲೆಮಾರಿ, ಪಾಳುಬಿದ್ದ ಗುಡಿ, ಅದರೊಳಗೆ ಬಲಿ ಕೊಡಲು ಕಾಯುತ್ತಿರುವ ಕಪ್ಪು ನಿಲುವಂಗಿಯ ಮಹಾಪುರೋಹಿತ: ಮಾಂತ್ರಿಕ ಸಾಹಸಕಥೆಗಳನ್ನು ಓದುತ್ತ ಬೆಳೆದವರಿಗೆಲ್ಲ ಈ ಚಿತ್ರ ಬಾಯಿಪಾಠ. ಕೊನೆಯ ಅಧ್ಯಾಯದಲ್ಲಿ ನಾಯಕ ಪುರೋಹಿತನ ತಲೆ ಹಾರಿಸುತ್ತಾನೆ, ಗುಡಿ ಕುಸಿಯುತ್ತದೆ, ಊರು ನಿಟ್ಟುಸಿರು ಬಿಡುತ್ತದೆ. ಆದರೆ ಬಲಿಯಾಗಬೇಕಿದ್ದ ಹುಡುಗಿಯನ್ನು ಹಿಡಿದುಕೊಟ್ಟವರು ಯಾರು, ಆಕೆಯ ಮನೆಯ ಬಾಗಿಲಿಗೆ ಗುರುತು ಹಾಕಿದ ಕೈ ಯಾವುದು, ಆಕೆಯನ್ನು ಎಳೆದೊಯ್ಯುವಾಗ ಎದುರುಮನೆಯವರು ಕಿಟಕಿ ಮುಚ್ಚಿಕೊಂಡದ್ದೇಕೆ ಎಂಬ ಪ್ರಶ್ನೆಗಳಿಗೆ ಅಂಥ ಕಥೆಯಲ್ಲಿ ಉತ್ತರವಿರುವುದಿಲ್ಲ. ಧರ್ಮದ ಅಸಹನೆಯನ್ನು ಕುರಿತು ಬರೆಯುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆಗಳು ಇವೇ ಎಂದು ನಾನು ನಂಬಿದ್ದೇನೆ.

ಇಂಥದೊಂದು ಕಾದಂಬರಿಯ ಮೊದಲ ಕರಡನ್ನು ಗೆಳತಿಯೊಬ್ಬಳಿಗೆ ಓದಲು ಕೊಟ್ಟಾಗ ಆಕೆ ಕೇಳಿದ್ದು ಒಂದೇ ಮಾತು: "ಈ ಪುರೋಹಿತ ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತಾನೆ?" ನನ್ನಲ್ಲಿ ಉತ್ತರವಿರಲಿಲ್ಲ. ಆ ಕರಡನ್ನು ಬದಿಗಿಟ್ಟು ಹೊಸದಾಗಿ ಬರೆಯತೊಡಗಿದಾಗ ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಹಂತಹಂತವಾಗಿ ಕೊಡುತ್ತಿದ್ದೇನೆ. ಉದಾಹರಣೆಗೆಂದು ಒಂದು ಕಲ್ಪಿತ ರಾಜ್ಯವನ್ನು ಇಟ್ಟುಕೊಳ್ಳೋಣ. ನದಿ ಸಮುದ್ರ ಸೇರುವ ಕಡೆ ಒಂದು ಬಂದರು ಪಟ್ಟಣ. ಅರಮನೆಯ ಬೆಂಬಲ ಪಡೆದು ನಂದಾದೀಪವನ್ನು ಕಾಯುವ 'ದೀಪದವರು'. ಅವರಿಗಿಂತ ಮೊದಲೇ ಅಲ್ಲಿ ನೆಲೆಸಿ ಬುಗ್ಗೆಯೊಂದನ್ನು ಪೂಜಿಸುತ್ತ ಬಂದ 'ನೀರಿನವರು'.

1. ದೇವರು ಉತ್ತರ ಕೊಡುತ್ತಾನೆಯೇ ಎಂಬುದನ್ನು ತೀರ್ಮಾನಿಸಿ

ನಾವು ಬದುಕುತ್ತಿರುವ ಲೋಕದಲ್ಲಿ ನಂಬಿಕೆಯ ಸಾಕ್ಷಿ ಮನಸ್ಸಿನೊಳಗೆ ಇರುತ್ತದೆ. ಮಾಟ ನಡೆಯುವ ಲೋಕದಲ್ಲಿ ಪುರೋಹಿತ ಕೈಯೆತ್ತಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಹೀಗಾಗಿ ಒಂದು ಸಾಲು ಬರೆಯುವ ಮೊದಲೇ ದೇವರುಗಳ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ದೇವರುಗಳೆಲ್ಲ ಮೌನವಾಗಿದ್ದಾರೆಯೇ? ಒಬ್ಬ ದೇವರು ಮಾತ್ರ ನಿಜವೇ? ಅಥವಾ ಕರೆದವರಿಗೆಲ್ಲ ಅವರವರ ದೇವರು ಓಗೊಡುತ್ತಾನೆಯೇ? ಎರಡನೆಯದನ್ನು ಆರಿಸಿಕೊಂಡರೆ ಅಸಹನೆಗೆ ನೀವೇ ಸಮರ್ಥನೆ ಒದಗಿಸಿದಂತಾಗುತ್ತದೆ. ನಿಜವಾದ ದೇವರ ಪರವಾಗಿ ಕತ್ತಿ ಎತ್ತಿದವನು ಕಥೆಯ ನ್ಯಾಯದ ಪ್ರಕಾರ ಸರಿಯೇ ಆಗಿಬಿಡುತ್ತಾನೆ. ನನ್ನ ಮಟ್ಟಿಗೆ ಮೂರನೆಯ ದಾರಿಯೇ ಶ್ರೀಮಂತವಾದದ್ದು. ನೀರಿನವರ ಬುಗ್ಗೆಯೂ ರೋಗ ವಾಸಿಮಾಡುತ್ತದೆ ಎಂಬ ಸಂಗತಿ ದೀಪದ ಗುಡಿಯ ಹಿರಿಯರಿಗೆ ಚೆನ್ನಾಗಿ ತಿಳಿದಿದೆ, ಅವರ ನಿದ್ದೆಗೆಡಿಸುವುದೂ ಅದೇ.

ಪವಾಡವಿದ್ದ ಕಡೆ ಪರೀಕ್ಷೆಯೂ ಇರುತ್ತದೆ. ನಡುಗಾಲದ ಯುರೋಪಿನಲ್ಲಿ ಆರೋಪಿಯ ಕೈಯಲ್ಲಿ ಕಾದ ಕಬ್ಬಿಣ ಹೊರಿಸಿ, ಕೈಗೆ ಬಟ್ಟೆ ಸುತ್ತಿ, ಮೂರು ದಿನಗಳ ನಂತರ ಬಿಚ್ಚಿ ಗಾಯ ಮಾಯುತ್ತಿದೆಯೋ ಕೀವಾಗಿದೆಯೋ ಎಂದು ನೋಡಿ ತೀರ್ಪು ಹೇಳುವ ದಿವ್ಯಪರೀಕ್ಷೆ ಇತ್ತು. ಆ ಕಬ್ಬಿಣವನ್ನು ಪಾದ್ರಿ ಮಂತ್ರಿಸಿ ಕೊಡಬೇಕಾಗಿತ್ತು. 1215ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ಸೇರಿದ ಧರ್ಮಸಭೆ ಪಾದ್ರಿಗಳು ಈ ವಿಧಿಯಲ್ಲಿ ಭಾಗವಹಿಸಕೂಡದೆಂದು ಕಟ್ಟಪ್ಪಣೆ ಮಾಡಿದ ಮೇಲೆ ನ್ಯಾಯಾಲಯಗಳು ಬೇರೆ ದಾರಿ ಹುಡುಕಬೇಕಾಯಿತು, ಇಂಗ್ಲೆಂಡಿನಲ್ಲಿ ಪಂಚರ ವಿಚಾರಣೆ ಬಲಗೊಂಡದ್ದು ಹಾಗೆಯೇ. ಈ ಪರೀಕ್ಷೆಯನ್ನು ನಿಮ್ಮ ರಾಜ್ಯಕ್ಕೆ ತಂದು ನೋಡಿ. ದೀಪದ ಗುಡಿಯಲ್ಲಿ ಸುಟ್ಟ ಗಾಯವನ್ನು ಮಂತ್ರದಿಂದ ಮಾಯಿಸಬಲ್ಲ ಮೂವರು ವೈದ್ಯರಿದ್ದಾರೆ. ಯಾರ ಕೈ ಮಾಯಬೇಕು, ಯಾರದು ಕೊಳೆಯಬೇಕು ಎಂಬ ಚೀಟಿ ಹಿಂದಿನ ರಾತ್ರಿಯೇ ಅವರಿಗೆ ತಲುಪುತ್ತದೆ. ಒಂದು ರಾತ್ರಿ ಆ ಚೀಟಿಯಲ್ಲಿ ವೈದ್ಯನೊಬ್ಬನ ತಂಗಿಯ ಹೆಸರಿದ್ದರೆ ಅರ್ಧ ಕಾದಂಬರಿ ಅಲ್ಲಿಂದಲೇ ಹೊರಡುತ್ತದೆ.

2. ಗುಡಿಯ ಲೆಕ್ಕದ ಪುಸ್ತಕವನ್ನು ಬರೆಯಿರಿ

ಗುಡಿಗೆ ಎಷ್ಟು ಜಮೀನು ಉಂಬಳಿಯಿದೆ, ದೀಪದ ಎಣ್ಣೆ ಎಲ್ಲಿಂದ ಬರುತ್ತದೆ, ಸಾಲ ಕೊಡುವುದು ಯಾರಿಗೆ, ಬಡ್ಡಿ ವಸೂಲು ಮಾಡುವುದು ಯಾರು, ಅರಸನ ಕಂದಾಯದಿಂದ ಯಾವುದಕ್ಕೆ ವಿನಾಯಿತಿ, ಅನಾಥ ಮಕ್ಕಳನ್ನು ಸಾಕುವ ಖರ್ಚು ಯಾವ ಖಾತೆಯಲ್ಲಿದೆ: ಇಷ್ಟನ್ನೂ ಎರಡು ಪುಟಗಳಲ್ಲಿ ಬರೆದಿಟ್ಟುಕೊಳ್ಳಿ. ಈ ಪುಟಗಳು ಕಾದಂಬರಿಯಲ್ಲಿ ಅಚ್ಚಾಗಬೇಕಿಲ್ಲ. ಅವು ಕೈಯಲ್ಲಿದ್ದರೆ ಯಾರಿಗೆ ಯಾರ ಮೇಲೆ ಏಕೆ ಕಣ್ಣು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಚೀನಾದ ಟಾಂಗ್ ವಂಶದ ಚಕ್ರವರ್ತಿ ವೂಜೊಂಗ್ 845ರಲ್ಲಿ ಬೌದ್ಧ ಸಂಘದ ಮೇಲೆ ಕೈ ಎತ್ತಿದಾಗ 4,600ಕ್ಕೂ ಹೆಚ್ಚು ವಿಹಾರಗಳು ನಾಶವಾದವು, ಸುಮಾರು 2,60,000 ಭಿಕ್ಷು ಭಿಕ್ಷುಣಿಯರನ್ನು ಸಂಸಾರಿಗಳನ್ನಾಗಿ ಮಾಡಿ ಕಂದಾಯದ ಪಟ್ಟಿಗೆ ಸೇರಿಸಲಾಯಿತು, ಕಂಚಿನ ವಿಗ್ರಹಗಳನ್ನು ಕರಗಿಸಿ ನಾಣ್ಯ ಹಾಕಲಾಯಿತು. ಚಕ್ರವರ್ತಿಗೆ ತಾವೋ ಮತದಲ್ಲಿ ಇದ್ದ ಶ್ರದ್ಧೆ ನಿಜವಾದದ್ದೇ. ಬೊಕ್ಕಸ ಬರಿದಾಗಿದ್ದುದೂ ಅಷ್ಟೇ ನಿಜ. ಇವೆರಡನ್ನೂ ಒಂದೇ ಎದೆಯಲ್ಲಿ ಇರಿಸುವುದು ಬರಹಗಾರನ ಕೆಲಸ. ಅರಸನನ್ನು ಬರೀ ದುರಾಸೆಯವನನ್ನಾಗಿ ಮಾಡಿದರೆ ಅವನು ಕಳ್ಳನಾಗುತ್ತಾನೆ, ಬರೀ ಭಕ್ತನನ್ನಾಗಿ ಮಾಡಿದರೆ ಹುಚ್ಚನಾಗುತ್ತಾನೆ. ತನ್ನ ಲಾಭವೂ ದೇವರ ಇಚ್ಛೆಯೂ ಒಂದೇ ಎಂದು ಪ್ರಾಮಾಣಿಕವಾಗಿ ನಂಬಿದವನೇ ಭಯಂಕರ.

ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಕಾಲದಲ್ಲಿ ನಡೆದದ್ದನ್ನೂ ಗಮನಿಸಿ. 1536ರಿಂದ ಮಠಗಳನ್ನು ಮುಚ್ಚತೊಡಗುವುದಕ್ಕೆ ಮೊದಲು, 1535ರಲ್ಲಿ, ಧರ್ಮಸಂಸ್ಥೆಗಳ ಆಸ್ತಿ ಆದಾಯಗಳ ಲೆಕ್ಕ ತೆಗೆಯಲು ಅಧಿಕಾರಿಗಳು ದೇಶವೆಲ್ಲ ತಿರುಗಿದರು. ಸೈನಿಕನಿಗಿಂತ ಮೊದಲು ಕರಣಿಕ ಬರುತ್ತಾನೆ. ನೀರಿನವರ ಬುಗ್ಗೆಯ ಹತ್ತಿರ ಒಬ್ಬ ಸಭ್ಯ ಮನುಷ್ಯ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು, ಬೆಳ್ಳಿಯ ಬಿಂದಿಗೆಗಳೆಷ್ಟು ಎಂದು ಎಣಿಸಿ ಬರೆದುಕೊಂಡು ಹೋಗುವ ದೃಶ್ಯ ಯಾವ ಕತ್ತಿಕಾಳಗಕ್ಕಿಂತಲೂ ಹೆಚ್ಚು ಆತಂಕ ಹುಟ್ಟಿಸಬಲ್ಲದು.

3. ಕಣ್ಣಿಗೆ ಕಾಣುವ ಒಂದು ಚಿಕ್ಕ ವ್ಯತ್ಯಾಸವನ್ನು ಆರಿಸಿ

ಎರಡು ಪಂಥಗಳ ಸಿದ್ಧಾಂತಗಳನ್ನು ಹತ್ತು ಪುಟ ವಿವರಿಸುವ ಪ್ರಲೋಭನೆ ಬರಹಗಾರನಿಗೆ ಬಂದೇ ಬರುತ್ತದೆ. ಜನ ಹೊಡೆದಾಡುವುದು ಕೈಯ, ಬಟ್ಟೆಯ, ಸದ್ದಿನ ವಿಷಯಕ್ಕೆ. ರಷ್ಯಾದಲ್ಲಿ 1650ರ ದಶಕದಲ್ಲಿ ಧರ್ಮಗುರು ನಿಕೋನ್ ಶಿಲುಬೆಯ ಗುರುತನ್ನು ಎರಡು ಬೆರಳುಗಳ ಬದಲು ಮೂರು ಬೆರಳುಗಳಿಂದ ಮಾಡಬೇಕೆಂದು ವಿಧಿಸಿದ. ಪೂಜಾಗ್ರಂಥಗಳಲ್ಲೂ ತಿದ್ದುಪಡಿಗಳಾದವು. ಹಳೆಯ ಪದ್ಧತಿ ಬಿಡದವರನ್ನು 1666–67ರ ಧರ್ಮಸಭೆ ಬಹಿಷ್ಕರಿಸಿತು, ಅವರ ಮುಂದಾಳು ಅವ್ವಾಕುಮ್‌ನನ್ನು 1682ರಲ್ಲಿ ಸುಟ್ಟುಹಾಕಲಾಯಿತು. ಎರಡು ಬೆರಳು, ಮೂರು ಬೆರಳು ಎಂದು ಇಂದು ಓದುವವರಿಗೆ ಇದು ಅಲ್ಪವೆನ್ನಿಸಬಹುದು. ಆದರೆ ಅಜ್ಜಿ ಕೈಹಿಡಿದು ಕಲಿಸಿದ ಮುದ್ರೆಯನ್ನು ತಪ್ಪೆಂದು ಒಪ್ಪಿಕೊಂಡರೆ ಆ ಅಜ್ಜಿ ನರಕದಲ್ಲಿದ್ದಾಳೆ ಎಂದೂ ಒಪ್ಪಿಕೊಂಡಂತೆ. ಒಂದು ಬೆರಳಿನ ಭಾರ ಅಷ್ಟಿರುತ್ತದೆ.

ವಿಜಯನಗರದ ಒಂದನೆಯ ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನವೂ ಇಂಥದೇ ಜಗಳದ ಇತ್ಯರ್ಥ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಅರಸ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆಯೇ ಸಲ್ಲುತ್ತವೆಂದು ವಿಧಿಸಿದ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸುವುದಕ್ಕಾಗಿ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತುವ ಏರ್ಪಾಡೂ ಅದರಲ್ಲಿದೆ. ವಾದ್ಯ, ಕಲಶ, ಕಾವಲುಗಾರರ ಸಂಬಳ ಎಂದು ರಾಜಿಯೂ ಇಷ್ಟು ನಿರ್ದಿಷ್ಟವಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಸಹನೆಯನ್ನು ಚಿತ್ರಿಸುವಾಗಲೂ ದೊಡ್ಡ ಮಾತುಗಳ ಬದಲು ಕಾವಲಿಗೆ ಯಾರು, ಖರ್ಚು ಯಾರದು ಎಂದು ಕೇಳಿಕೊಳ್ಳಬೇಕು.

ನನ್ನ ಬಂದರು ಪಟ್ಟಣದಲ್ಲಿ ವ್ಯತ್ಯಾಸ ಇರುವುದು ದೀಪ ಆರಿಸುವ ರೀತಿಯಲ್ಲಿ. ದೀಪದವರು ಬಾಯಿಯ ಎಂಜಲುಗಾಳಿ ತಾಗಬಾರದೆಂದು ಬತ್ತಿಯನ್ನು ಎಣ್ಣೆಗೆ ಎಳೆದು ಶಾಂತಗೊಳಿಸುತ್ತಾರೆ. ನೀರಿನವರಿಗೆ ಉಸಿರೇ ಪವಿತ್ರ, ಅವರು ಊದಿ ಆರಿಸುತ್ತಾರೆ. ಛತ್ರವೊಂದರಲ್ಲಿ ರಾತ್ರಿ ಊಟ ಮುಗಿದಿದೆ, ಏಳು ವರ್ಷದ ಹುಡುಗಿ ನಿದ್ದೆಗಣ್ಣಿನಲ್ಲಿ ಹಣತೆಯ ಕಡೆ ಬಾಗಿ ತುಟಿ ಮುಂದೆ ಮಾಡುತ್ತಾಳೆ, ಆಕೆಯ ತಾಯಿ ಮಿಂಚಿನಂತೆ ಕೈ ಚಾಚಿ ಬರಿಬೆರಳುಗಳಲ್ಲಿ ಉರಿಯುವ ಬತ್ತಿಯನ್ನು ಹಿಚುಕಿಬಿಡುತ್ತಾಳೆ. ಕತ್ತಲಾಗುತ್ತದೆ. ಮೂಲೆಯಲ್ಲಿ ಮಲಗಿದ್ದ ಕೂಲಿಯೋಧ ಅದನ್ನು ಕಂಡನೋ ಇಲ್ಲವೋ ಆಕೆಗೆ ತಿಳಿಯದು. ಬೆಳಿಗ್ಗೆ ಆಕೆ ಗಂಜಿ ಬಡಿಸುವಾಗ ಸುಟ್ಟ ಎರಡು ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿರುತ್ತಾಳೆ. ಇಂಥ ಒಂದು ಗುರುತು ಸಿಕ್ಕಿತೆಂದರೆ ಸಿದ್ಧಾಂತದ ಆ ಹತ್ತು ಪುಟಗಳನ್ನು ತೆಗೆದುಹಾಕಬಹುದು.

ಇಲ್ಲೊಂದು ಎಚ್ಚರಿಕೆಯ ಮಾತು. ನಿಜಜೀವನದ ಯಾವುದೋ ಸಮುದಾಯವನ್ನು ಹೆಸರು ಬದಲಿಸಿ ಕಥೆಗೆ ಎಳೆತರಬೇಡಿ. ಓದುಗ ಗುರುತು ಹಿಡಿದ ಮರುಕ್ಷಣ ನಿಮ್ಮ ರಾಜ್ಯ ಕಣ್ಮರೆಯಾಗಿ ಇಂದಿನ ಜಗಳವೊಂದೇ ಉಳಿಯುತ್ತದೆ, ನೋವುಂಡ ಜನರಿಗೆ ಮತ್ತೊಂದು ನೋವೂ ಆಗುತ್ತದೆ. ಇತಿಹಾಸದಿಂದ ಅಸಹನೆ ಕೆಲಸ ಮಾಡುವ ಬಗೆಯನ್ನು ಕಲಿಯಿರಿ, ವೇಷವನ್ನು ಅಲ್ಲಿಯೇ ಬಿಡಿ.

4. ಅಸಹನೆಗೆ ಮೆಟ್ಟಿಲು ಕಟ್ಟಿ, ಒಂದೊಂದೇ ಹತ್ತಿಸಿ

ಹೊಸಬರು ಸಾಮಾನ್ಯವಾಗಿ ಮೊದಲ ಅಧ್ಯಾಯದಲ್ಲೇ ಚಿತೆ ಹೊತ್ತಿಸುತ್ತಾರೆ. ಚಿತೆ ಕೊನೆಯ ಮೆಟ್ಟಿಲು. ಅದಕ್ಕೆ ಮುಂಚಿನ ಮೆಟ್ಟಿಲುಗಳು ಪ್ರತಿಯೊಂದೂ ಹತ್ತಿದವರಿಗೆ ನ್ಯಾಯವೆಂದೇ ತೋರಬೇಕು.

ರೋಮ್ ಸಾಮ್ರಾಜ್ಯದಲ್ಲಿ ಸುಮಾರು 250ರಲ್ಲಿ ಚಕ್ರವರ್ತಿ ಡೀಸಿಯಸ್ ಪ್ರಜೆಗಳು ದೇವರುಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಸಾಕ್ಷಿಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಆ ಪತ್ರಗಳಲ್ಲಿ ಹಲವು ಈಜಿಪ್ಟಿನ ಮರಳಿನಲ್ಲಿ ಉಳಿದು ಬಂದಿವೆ. ಅರ್ಜಿದಾರನ ಹೆಸರು, ಊರು, ತಾನು ಯಾವಾಗಲೂ ದೇವರುಗಳಿಗೆ ಅರ್ಪಿಸುತ್ತ ಬಂದಿದ್ದೇನೆ ಎಂಬ ಹೇಳಿಕೆ, ಕೆಳಗೆ ಸಾಕ್ಷಿಗಳ ರುಜು. ಸಾಮ್ರಾಜ್ಯದ ಒಳಿತಿಗಾಗಿ ಒಂದು ಚಿಟಿಕೆ ಧೂಪ ಹಾಕುವುದರಲ್ಲಿ ತಪ್ಪೇನು ಎಂದು ಅಧಿಕಾರಿ ಕೇಳಿದರೆ ಅವನ ದನಿಯಲ್ಲಿ ಕ್ರೌರ್ಯವಿರಬೇಕಾಗಿಲ್ಲ. 1215ರ ಲ್ಯಾಟರನ್ ಸಭೆಯೇ ಯಹೂದ್ಯರೂ ಮುಸ್ಲಿಮರೂ ಉಡುಪಿನಿಂದ ಗುರುತು ಸಿಗುವಂತಿರಬೇಕೆಂದು ವಿಧಿಸಿತು. ಜಪಾನಿನ ನಾಗಸಾಕಿಯಲ್ಲಿ ಹದಿನೇಳನೆಯ ಶತಮಾನದಲ್ಲಿ ಏಸುವಿನ ಅಥವಾ ಮೇರಿಯ ಚಿತ್ರವನ್ನು ನೆಲದ ಮೇಲಿಟ್ಟು ಒಬ್ಬೊಬ್ಬರಿಂದಲೂ ತುಳಿಸುತ್ತಿದ್ದರು, ತುಳಿಯಲು ಹಿಂಜರಿದವನ ಪಾದವೇ ಅವನ ಮೇಲಿನ ಸಾಕ್ಷಿ. ಫ್ರಾನ್ಸಿನಲ್ಲಿ 1681ರಿಂದ ಪ್ರಾಟೆಸ್ಟೆಂಟರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಹೂಡಿಸಿದರು. ಉಣಿಸುವುದು, ಮಲಗಿಸುವುದು, ದೌರ್ಜನ್ಯ ಸಹಿಸುವುದು ಎಲ್ಲವೂ ಮನೆಯವರ ಪಾಲಿಗೆ, ಮತ ಬದಲಿಸಿದರೆ ಸೈನಿಕರು ಹೊರಡುತ್ತಾರೆ. 1598ರ ನಾಂಟ್ ಶಾಸನ ಕೊಟ್ಟಿದ್ದ ರಕ್ಷಣೆಯನ್ನು 1685ರಲ್ಲಿ ರದ್ದುಪಡಿಸುವ ಹೊತ್ತಿಗೆ ಅರ್ಧ ಕೆಲಸ ಮುಗಿದೇ ಹೋಗಿತ್ತು. ಸ್ಪೇನಿನ ಯಹೂದ್ಯರನ್ನು ಹೊರಹಾಕುವ ಆಜ್ಞೆ ಹೊರಟದ್ದು 1492ರ ಮಾರ್ಚ್ 31ರಂದು, ಕೊಟ್ಟ ಗಡುವು ಜುಲೈ ಕೊನೆಯವರೆಗೆ. ಆಸ್ತಿ ಮಾರಿಕೊಳ್ಳಬಹುದು, ಚಿನ್ನ ಬೆಳ್ಳಿ ಮಾತ್ರ ಒಯ್ಯಕೂಡದು. ಮನೆ ಮಾರಲು ನಾಲ್ಕೇ ತಿಂಗಳಿರುವ ಬೀದಿಯಲ್ಲಿ ಕೊಳ್ಳಲು ಬರುವ ನೆರೆಯವನು ಎಂಥ ಬೆಲೆ ಹೇಳುತ್ತಾನೆ, ಹೇಳುವಾಗ ಎಲ್ಲಿ ನೋಡುತ್ತಾನೆ ಎಂಬುದನ್ನು ಬರೆಯಿರಿ.

ಕಲ್ಪಿತ ರಾಜ್ಯಕ್ಕೆ ಇವುಗಳಿಂದ ನಾಲ್ಕೋ ಐದೋ ಮೆಟ್ಟಿಲು ಸಾಕು. ಎಣಿಕೆ, ಸಾಕ್ಷಿಪತ್ರ, ವಿಶೇಷ ಸುಂಕ, ಮನೆಯೊಳಗೆ ಸೈನಿಕ, ಗಡಿಪಾರು ಎಂದು ಇಟ್ಟುಕೊಳ್ಳಿ. ಪ್ರತಿ ಮೆಟ್ಟಿಲಿಗೂ ಒಂದು ಕಾರಣವನ್ನು ಆಜ್ಞೆಯ ಭಾಷೆಯಲ್ಲೇ ಬರೆದುಕೊಳ್ಳಿ: "ಜ್ವರ ಹರಡುತ್ತಿರುವುದರಿಂದ ಬುಗ್ಗೆಗೆ ಬರುವವರ ಹೆಸರು ಬರೆದಿಡತಕ್ಕದ್ದು." ಜ್ವರ ನಿಜವಾಗಿಯೂ ಇರಲಿ. ಓದುಗನೂ ಆ ಮೊದಲ ಆಜ್ಞೆಗೆ ತಲೆದೂಗುವಂತಿರಬೇಕು. ಮೂರು ಅಧ್ಯಾಯಗಳ ನಂತರ ಅದೇ ಹೆಸರುಪಟ್ಟಿ ಸೈನಿಕನ ಕೈಯಲ್ಲಿ ಕಂಡಾಗ ತಾನು ತಲೆದೂಗಿದ್ದು ಅವನಿಗೆ ನೆನಪಾಗಬೇಕು.

ಮಾಟವಿರುವ ಲೋಕಕ್ಕೆ ಮಾತ್ರ ಸಾಧ್ಯವಾದ ಮೆಟ್ಟಿಲುಗಳೂ ಇವೆ. ಅರಸ ಜಾನ್‌ನ ಮೇಲಿನ ಕೋಪಕ್ಕೆ ಪೋಪ್ 1208ರಿಂದ 1214ರವರೆಗೆ ಇಂಗ್ಲೆಂಡಿನಲ್ಲಿ ಪೂಜಾವಿಧಿಗಳನ್ನು ನಿಲ್ಲಿಸಿದಾಗ ಸತ್ತವರಿಗೆ ಪವಿತ್ರಭೂಮಿಯಲ್ಲಿ ಮಣ್ಣು ಸಿಗದಾಯಿತು. ವಿಧಿಯಿಲ್ಲದೆ ಹೂಳಿದ ಹೆಣ ಎದ್ದು ನಡೆಯುವ ಲೋಕದಲ್ಲಿ ಇಂಥ ಆಜ್ಞೆಯ ಅರ್ಥವೇನಾಗುತ್ತದೆ ಎಂದು ಯೋಚಿಸಿ ನೋಡಿ. ದೀಪದ ಗುಡಿ ನೀರಿನವರ ಶವಗಳಿಗೆ ಮಂತ್ರ ಹೇಳುವುದಿಲ್ಲ ಎಂದು ಘೋಷಿಸಿ, ಅವರಿಗೆ ತಮ್ಮದೇ ವಿಧಿ ನಡೆಸಲೂ ಅವಕಾಶ ಕೊಡದೆ ಸುಮ್ಮನಿದ್ದರೆ ಸಾಕು; ತಿಂಗಳೊಳಗೆ ನೀರಿನವರ ಕೇರಿಯಲ್ಲಿ ಸತ್ತವರು ಬಾಗಿಲು ತಟ್ಟುತ್ತಾರೆ, ಇವರೇ ಪ್ರೇತಗಳನ್ನು ಎಬ್ಬಿಸುವವರು ಎಂಬ ಹಳೆಯ ಅಪವಾದಕ್ಕೆ ಕಣ್ಣೆದುರಿಗೇ ಸಾಕ್ಷಿ ಸಿಕ್ಕಂತಾಗುತ್ತದೆ. ಅಸಹನೆ ತನಗೆ ಬೇಕಾದ ಪುರಾವೆಯನ್ನು ತಾನೇ ಉತ್ಪಾದಿಸುವ ಈ ತಿರುವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಅವಕಾಶ ವಾಸ್ತವದ ಕಥೆಗಾರನಿಗೆ ಇಲ್ಲ.

5. ಒಳಸಂಚಿಗೆ ಕಾಗದವನ್ನೂ ಹಿಂಜರಿಯುವ ಒಬ್ಬನನ್ನೂ ಕೊಡಿ

ಸಂಚುಗಾರರೆಲ್ಲರ ಬಯಕೆ ಒಂದೇ ಆಗಿದ್ದರೆ ಅದು ಸಂಚಾಗುವುದಿಲ್ಲ, ದಂಡಯಾತ್ರೆಯಾಗುತ್ತದೆ. ಕನಿಷ್ಠ ಮೂರು ಬಯಕೆಗಳಾದರೂ ಒಂದೇ ಕೃತ್ಯದ ಸುತ್ತ ಸೇರಬೇಕು. ಫ್ಲಾರೆನ್ಸಿನಲ್ಲಿ 1478ರ ಏಪ್ರಿಲ್ 26ರಂದು ಪಾಜಿ ಮನೆತನದವರು ನಗರವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಮೆಡಿಚಿ ಸೋದರರಾದ ಲೊರೆಂಜೋ, ಜೂಲಿಯಾನೋರನ್ನು ಮಹಾಮಂದಿರದಲ್ಲಿ ಪೂಜೆ ನಡೆಯುತ್ತಿರುವಾಗಲೇ ಕೊಲ್ಲಲು ಸಂಚು ಹೂಡಿದರು. ಪಾಜಿಗಳಿಗೆ ಸಾಹುಕಾರಿಯಲ್ಲಿ ಪೈಪೋಟಿ, ಪೀಸಾದ ಆರ್ಚ್‌ಬಿಷಪ್‌ಗೆ ತನ್ನ ನೇಮಕವನ್ನು ಅಡ್ಡಗಟ್ಟಿದ ಸಿಟ್ಟು, ಪೋಪನ ಮನೆಯವರಿಗೆ ರಾಜ್ಯ ವಿಸ್ತರಣೆಯ ಆಸೆ. ಕೊಲ್ಲಲು ಒಪ್ಪಿದ್ದ ಅನುಭವಿ ಸೈನಿಕ ಮೊಂಟೆಸೆಕ್ಕೋ ಇಗರ್ಜಿಯೊಳಗೆ ರಕ್ತ ಹರಿಸಲಾರೆ ಎಂದು ಹಿಂದೆ ಸರಿದ. ಆ ಕೆಲಸವನ್ನು ಇಬ್ಬರು ಪಾದ್ರಿಗಳಿಗೆ ವಹಿಸಲಾಯಿತು. ಜೂಲಿಯಾನೋ ಸತ್ತ, ಲೊರೆಂಜೋ ಕುತ್ತಿಗೆಗೆ ಒಂದಿಷ್ಟು ಗಾಯವಷ್ಟೇ ಆಗಿ ಪಾರಾದ, ಆರ್ಚ್‌ಬಿಷಪ್‌ನನ್ನು ಅಂದೇ ಸರ್ಕಾರಿ ಭವನದ ಕಿಟಕಿಯಿಂದ ನೇತುಹಾಕಲಾಯಿತು. ಕೊಲ್ಲುವುದು ಕಸುಬಾದವನಿಗೆ ಪವಿತ್ರಸ್ಥಳದ ಭಯವಿತ್ತು, ಅಲ್ಲಿಯೇ ದಿನವೂ ಓಡಾಡುವವರಿಗೆ ಇರಲಿಲ್ಲ. ಕತ್ತಿ ಹಿಡಿದ ನಾಯಕನ ಕಥೆ ಬರೆಯುವವರಿಗೆ ಮೊಂಟೆಸೆಕ್ಕೋಗಿಂತ ಒಳ್ಳೆಯ ಪಾತ್ರ ದೊರೆಯುವುದು ಕಷ್ಟ.

ಇನ್ನು ಕಾಗದದ ಮಾತು. ಫ್ರಾನ್ಸಿನ ನಾಲ್ಕನೆಯ ಫಿಲಿಪ್ ಟೆಂಪ್ಲರ್ ಯೋಧಸಂಘವನ್ನು ಬಂಧಿಸುವ ಗುಪ್ತ ಆಜ್ಞೆಗಳನ್ನು ಬರೆಸಿದ್ದು 1307ರ ಸೆಪ್ಟೆಂಬರ್ 14ರಂದು, ರಾಜ್ಯದುದ್ದಕ್ಕೂ ಬಂಧನಗಳು ನಡೆದದ್ದು ಅಕ್ಟೋಬರ್ 13ರ ಬೆಳಗಿನ ಜಾವ. ನಡುವೆ ಒಂದು ತಿಂಗಳು ಆ ಲಕೋಟೆಗಳು ಕುದುರೆಗಳ ಮೇಲೆ, ಪೆಟ್ಟಿಗೆಗಳಲ್ಲಿ, ಯಾರದೋ ಎದೆಯ ಜೇಬಿನಲ್ಲಿ ಇದ್ದವು. ನಿಮ್ಮ ಕೂಲಿಯೋಧನಿಗೆ ಅಂಥದೊಂದು ಲಕೋಟೆಯನ್ನು ತಲುಪಿಸುವ ಕೆಲಸ ಕೊಡಿ. ದಾರಿಯಲ್ಲಿ ಕಳ್ಳರಿಂದ ಅದನ್ನು ಕಾಪಾಡಲು ಅವನು ಪ್ರಾಣ ಪಣಕ್ಕಿಡಲಿ, ಓದುಗ ಅವನ ಶೌರ್ಯವನ್ನು ಮೆಚ್ಚಲಿ, ಮೊಹರು ಒಡೆದಾಗ ಒಳಗೆ ಆ ಛತ್ರದ ತಾಯಿಯ ಹೆಸರಿರಲಿ.

ಖೋಟಾ ದಾಖಲೆಗಳನ್ನೂ ಬಳಸಬಹುದು. ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪನಿಗೆ ಪಶ್ಚಿಮದ ಅಧಿಕಾರವನ್ನೇ ದಾನ ಕೊಟ್ಟನೆಂದು ಹೇಳುವ ಪತ್ರ ಎಂಟನೆಯ ಶತಮಾನದ ಸುಮಾರಿಗೆ ಹುಟ್ಟಿದ್ದು. ಇಟಲಿಯ ವಿದ್ವಾಂಸ ಲೊರೆಂಜೋ ವಲ್ಲಾ 1440ರಲ್ಲಿ ಅದರ ಲ್ಯಾಟಿನ್ ಭಾಷೆಯನ್ನೇ ಹಿಡಿದು, ಆ ಚಕ್ರವರ್ತಿಯ ಕಾಲದಲ್ಲಿ ಬಳಕೆಯಲ್ಲಿರಲು ಸಾಧ್ಯವಿಲ್ಲದ ಪದಗಳನ್ನು ತೋರಿಸಿ, ಅದು ಖೋಟಾ ಎಂದು ಸಾಧಿಸಿದ. ನಿಮ್ಮ ಕಥೆಯಲ್ಲಿ ಸುಳ್ಳನ್ನು ಬಯಲಿಗೆಳೆಯುವವನು ಮಾಂತ್ರಿಕನಾಗದೆ ಹಳೆಯ ಭಾಷೆ ಬಲ್ಲ ಒಬ್ಬ ಲಿಪಿಕಾರನಾಗಿದ್ದರೆ ಸಾಕು.

6. ವಿಚಾರಣಾಧಿಕಾರಿಯನ್ನು ಸಜ್ಜನನನ್ನಾಗಿ ಮಾಡಿ

ಸ್ಪೇನಿನ ಧರ್ಮವಿಚಾರಣೆಯಲ್ಲಿ ಆರೋಪಿಗೆ ದೂರು ಕೊಟ್ಟವರ ಹೆಸರು ಹೇಳುತ್ತಿರಲಿಲ್ಲ. ತನಗೆ ಹಗೆಗಳು ಯಾರ್ಯಾರಿದ್ದಾರೆಂದು ಆರೋಪಿ ಪಟ್ಟಿ ಕೊಡಬಹುದಿತ್ತು, ದೂರುದಾರ ಆ ಪಟ್ಟಿಯಲ್ಲಿದ್ದರೆ ಅವನ ಸಾಕ್ಷ್ಯದ ಬೆಲೆ ಕುಗ್ಗುತ್ತಿತ್ತು. ಮರಣದಂಡನೆಯ ಹೊತ್ತಿಗೆ ಧರ್ಮಾಧಿಕಾರಿಗಳು ತಾವು ಕೊಲ್ಲದೆ ಅಪರಾಧಿಯನ್ನು ಅರಸನ ಅಧಿಕಾರಿಗಳಿಗೆ ಒಪ್ಪಿಸುತ್ತಿದ್ದರು. ತನ್ನ ಕೈಗೆ ರಕ್ತ ಅಂಟಿಲ್ಲವೆಂದು ಅಧಿಕಾರಿ ರಾತ್ರಿ ನೆಮ್ಮದಿಯಾಗಿ ಮಲಗಬಹುದಾದ ವ್ಯವಸ್ಥೆ ಅದು.

ಹಗೆಗಳ ಪಟ್ಟಿಯ ಈ ಕಟ್ಟಳೆಯನ್ನು ನಾನು ನನ್ನ ಕಥೆಗೆ ತಂದುಕೊಂಡಾಗ ಹೀಗೊಂದು ದೃಶ್ಯ ಮೂಡಿತು.

"ಕುಳಿತುಕೊಳ್ಳಿ, ಅಮ್ಮ. ನೀರು ಬೇಕೇ?"

"ಬೇಡ, ಸ್ವಾಮಿ."

"ನಿಮ್ಮ ಮೇಲೆ ದ್ವೇಷ ಇಟ್ಟುಕೊಂಡವರು ಯಾರಿದ್ದರೂ ಹೇಳಿ. ಅವರು ಕೊಟ್ಟ ದೂರಾಗಿದ್ದರೆ ನಾನದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ."

ಮುದುಕಿ ಎಣ್ಣೆ ವ್ಯಾಪಾರಿಯ ಹೆಸರು ಹೇಳಿದಳು, ಸೊಸೆಯ ಅಣ್ಣನ ಹೆಸರು ಹೇಳಿದಳು, ಹತ್ತು ವರ್ಷದ ಹಿಂದೆ ಬೇಲಿಯ ಜಗಳವಾಡಿದವನ ಹೆಸರು ಹೇಳಿದಳು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡ. "ಇನ್ನೂ ನೆನಪು ಮಾಡಿಕೊಳ್ಳಿ, ಅಮ್ಮ. ಅವಸರವಿಲ್ಲ" ಎಂದಾಗ ಅವನ ದನಿಯಲ್ಲಿ ಬೇಡಿಕೆಯೇ ಇತ್ತು. ಆಕೆಯ ಜೊತೆ ನಲವತ್ತು ವರ್ಷ ಒಂದೇ ಒರಳಿನಲ್ಲಿ ಕುಟ್ಟಿದ ಗೆಳತಿಯ ಹೆಸರು ಅವನೆದುರಿನ ಕಾಗದದಲ್ಲಿತ್ತು. ಆ ಹೆಸರು ಮುದುಕಿಯ ಬಾಯಿಂದ ಬರಲಿಲ್ಲ.

ಈ ಅಧಿಕಾರಿ ಆಕೆಯನ್ನು ಉಳಿಸಬೇಕೆಂದು ಮನಸಾರೆ ಬಯಸುತ್ತಾನೆ, ಆದರೂ ತನ್ನ ಕಾಗದವನ್ನು ಹರಿಯುವುದಿಲ್ಲ. ಕಟ್ಟಳೆ ಸರಿಯಾಗಿದೆ, ಮುದುಕಿಯ ಆತ್ಮಕ್ಕೆ ಅಪಾಯವಿದೆ ಎಂದು ಅವನು ನಂಬಿದ್ದಾನೆ. ಓದುಗನಿಗೆ ಅವನ ಮೇಲೆ ಪ್ರೀತಿ ಹುಟ್ಟಿದರೆ ನೀವು ತಪ್ಪು ಮಾಡಿದಿರೆಂದು ಹೆದರಬೇಡಿ.

7. ಪೀಡಿತರನ್ನು ದೇವತೆಗಳನ್ನಾಗಿಸಬೇಡಿ

ಒತ್ತಡಕ್ಕೆ ಸಿಕ್ಕ ಸಮುದಾಯ ಒಳಗೇ ಸೀಳುತ್ತದೆ. ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ 303ರಲ್ಲಿ ಕ್ರೈಸ್ತರ ಮೇಲೆ ಹಿಂಸೆ ಆರಂಭಿಸಿದಾಗ ಕೆಲವರು ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿ ಜೀವ ಉಳಿಸಿಕೊಂಡರು. ಹಿಂಸೆ ನಿಂತ ಮೇಲೆ ಅಂಥವರು ಕೊಟ್ಟ ದೀಕ್ಷೆ ಊರ್ಜಿತವೇ ಎಂಬ ಪ್ರಶ್ನೆಯ ಮೇಲೆ ಉತ್ತರ ಆಫ್ರಿಕಾದ ಕ್ರೈಸ್ತರು ಎರಡು ಬಣಗಳಾದರು, ಆ ಒಡಕು ತಲೆಮಾರುಗಳವರೆಗೆ ಮಾಯಲಿಲ್ಲ. ನೀರಿನವರಲ್ಲೂ ಸಾಕ್ಷಿಪತ್ರ ಕೊಂಡವನೊಬ್ಬ, ಕೊಳ್ಳದೆ ಸೆರೆ ಸೇರಿದವಳೊಬ್ಬಳು, ಕೊಂಡವರನ್ನು ಬುಗ್ಗೆಯ ಹತ್ತಿರ ಸೇರಿಸದ ಹಟಮಾರಿ ಮುದುಕನೊಬ್ಬ ಇರಲಿ. ಆ ಮುದುಕನ ಕೈಗೆ ಅಧಿಕಾರ ಸಿಕ್ಕಿದರೆ ಅವನೂ ಪಟ್ಟಿ ಮಾಡಿಸುತ್ತಾನೆ ಎಂಬ ಸುಳಿವು ಓದುಗನಿಗೆ ಸಿಗಬೇಕು.

8. ಕತ್ತಿಯಿಂದ ಆಗದ್ದನ್ನು ತಿಳಿದು ಕತ್ತಿ ಎತ್ತಿಸಿ

ಈ ಬಗೆಯ ಕಥೆಯಲ್ಲಿ ಕತ್ತಿ ಇರಲೇಬೇಕು, ನಾನೂ ಅದನ್ನು ಪ್ರೀತಿಸುತ್ತೇನೆ. ಆದರೆ ಪುರೋಹಿತನನ್ನು ಕೊಂದರೆ ಪಂಥ ಸಾಯುವುದಿಲ್ಲ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ಎರಡನೆಯ ಹೆನ್ರಿಯ ನಾಲ್ವರು ಸರದಾರರು 1170ರ ಡಿಸೆಂಬರ್ 29ರಂದು ಅವನ ಮಂದಿರದಲ್ಲೇ ಕಡಿದರು. 1173ರಲ್ಲಿ ಅವನು ಸಂತನಾದ, 1174ರಲ್ಲಿ ಅರಸ ಅವನ ಸಮಾಧಿಯ ಮುಂದೆ ಮೈಮೇಲೆ ಛಡಿಯೇಟು ಹೊಡೆಸಿಕೊಂಡು ಪ್ರಾಯಶ್ಚಿತ್ತ ಮಾಡಿಕೊಂಡ. ಸತ್ತವರ ಶಕ್ತಿ ನಿಜವಾಗಿಯೂ ಕೆಲಸ ಮಾಡುವ ಲೋಕದಲ್ಲಿ ಹುತಾತ್ಮನೊಬ್ಬನನ್ನು ಸೃಷ್ಟಿಸುವುದು ಇನ್ನೂ ದುಬಾರಿ.

ಕತ್ತಿಯಿಂದ ಆಗುವ ಕೆಲಸಗಳು ಚಿಕ್ಕವು, ಆದ್ದರಿಂದಲೇ ಕಥೆಗೆ ಒದಗುತ್ತವೆ. ಒಂದು ಹೆಸರುಪಟ್ಟಿಯನ್ನು ಕದಿಯಬಹುದು. ಗಡುವಿನ ಕೊನೆಯ ರಾತ್ರಿ ಬಂದರಿನ ಬಾಗಿಲನ್ನು ಒಂದು ಗಳಿಗೆ ತೆರೆದು ಹಿಡಿಯಬಹುದು. ಬೀದಿಯ ಇಕ್ಕಟ್ಟಿನಲ್ಲಿ ನಿಂತು, ಹಿಂದಿರುವ ಇಪ್ಪತ್ತು ಜನ ದೋಣಿ ಹತ್ತುವವರೆಗೆ, ಮುಂದಿರುವ ಆರು ಜನರನ್ನು ತಡೆಯಬಹುದು. ಅಂತಿಮ ಕಾಳಗವನ್ನು ಇಂಥ ಅಳತೆಗೆ ಇಳಿಸಿ ನೋಡಿ. ಗೆದ್ದರೆ ಉಳಿಯುವವರ ಮುಖಗಳೆಲ್ಲ ಓದುಗನಿಗೆ ಗೊತ್ತಿರುವುದರಿಂದ ಪ್ರತಿ ಏಟಿಗೂ ತೂಕ ಬರುತ್ತದೆ.

9. ಆಜ್ಞೆ ರದ್ದಾದ ಮರುದಿನವನ್ನು ಬರೆಯಿರಿ

ವೂಜೊಂಗ್ 846ರಲ್ಲಿ ತೀರಿಕೊಂಡ, ಉತ್ತರಾಧಿಕಾರಿ ನೀತಿಯನ್ನು ಬದಲಿಸಿದ. ಕರಗಿದ ಕಂಚು ಮತ್ತೆ ವಿಗ್ರಹವಾಗಲಿಲ್ಲ. ಫ್ರಾನ್ಸಿನ ಪ್ರಾಟೆಸ್ಟೆಂಟರು ತಮ್ಮ ಮದುವೆ, ಜನನ, ಮರಣಗಳನ್ನು ಕಾನೂನುಬದ್ಧವಾಗಿ ದಾಖಲಿಸಲು 1787ರವರೆಗೆ ಕಾಯಬೇಕಾಯಿತು. ಹೊಸ ಅರಸ ಬಂದು ಹಳೆಯ ಆಜ್ಞೆಯನ್ನು ಹಿಂತೆಗೆದುಕೊಂಡನೆಂದು ಒಂದು ವಾಕ್ಯದಲ್ಲಿ ಕಥೆ ಮುಗಿಸುವವರು ಅತ್ಯಂತ ಬೆಲೆಬಾಳುವ ಅಧ್ಯಾಯವನ್ನು ಕಳೆದುಕೊಳ್ಳುತ್ತಾರೆ. ಗಡಿಪಾರಾದವರು ತಿರುಗಿ ಬಂದಾಗ ಅವರ ಮನೆಯಲ್ಲಿ ಬೇರೆಯವರ ಮಕ್ಕಳು ಹುಟ್ಟಿ ಬೆಳೆದಿರುತ್ತಾರೆ. ಕ್ರಯಪತ್ರ ಕ್ರಮಬದ್ಧವಾಗಿಯೇ ಇರುತ್ತದೆ. ದೂರು ಕೊಟ್ಟ ಗೆಳತಿ ಇನ್ನೂ ಅದೇ ಬೀದಿಯಲ್ಲಿದ್ದಾಳೆ, ಒರಳು ಈಗ ಅವಳ ಅಂಗಳದಲ್ಲಿದೆ.

ಛತ್ರದ ತಾಯಿಯನ್ನು ಅಲ್ಲಿಗೆ ಕರೆತನ್ನಿ. ಮಗಳಿಗೆ ಈಗ ಹದಿನಾರು. ಊದಿ ಆರಿಸಬಹುದೆಂದು ಡಂಗುರ ಸಾರಿ ವಾರವಾಗಿದೆ. ಊಟ ಮುಗಿದ ಮೇಲೆ ತಾಯಿ ಹಣತೆಯನ್ನು ಮಗಳ ಮುಂದಕ್ಕೆ ಸರಿಸುತ್ತಾಳೆ. ಹುಡುಗಿ ಒಮ್ಮೆ ಬಾಗಿಲ ಕಡೆ ನೋಡಿ, ಅಭ್ಯಾಸವಾದ ಬೆರಳುಗಳಿಂದ ಬತ್ತಿಯನ್ನು ಎಣ್ಣೆಗೆ ಎಳೆಯುತ್ತಾಳೆ.